ಜೇಡದ ಮರಿಗಳಿಗೆ ತುತ್ತು ಕೊಡುವ ಡೆಲ್ಮಾ

ಆಸ್ಟ್ರೇಲಿಯಾದ ಇನ್ನಿಸ್‌ಫೇಲ್ ಊರಾಚೆ, ಕಬ್ಬಿನ ಗದ್ದೆಗೆ ಬೆನ್ನು ಕೊಟ್ಟು ನಿಂತ ತಗಡಿನ ಶೆಡ್ಡಿನಲ್ಲಿ ಬೆಳಕು ಹರಿಯುವ ಮೊದಲೇ ಗದ್ದಲ. ಮೊಟ್ಟೆ ಟ್ರೇಗಳ ಸಂದಿಯಲ್ಲಿ ಕೂತ ಜೀರುಂಡೆಗಳು ಒಂದೇ ಸಮನೆ ಕಿರ್ರೆನ್ನುತ್ತಿವೆ. ಡೆಲ್ಮಾ ಪೆನ್ನಿಸಿ ಎಂಬವರು ಅವುಗಳಿಗೆಂದು ಹೆಚ್ಚಿದ ಕ್ಯಾರೆಟ್ ಹಿಡಿದು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಗುತ್ತಿದ್ದಾರೆ. ಎದುರಿನ ಗೋಡೆಯ ತುಂಬ ಪುಟ್ಟ ಡಬ್ಬಿಗಳು. ಒಂದೊಂದರಲ್ಲೂ ಉಗುರಿಗಿಂತ ಚಿಕ್ಕದಾದ ಟರಾಂಟುಲಾ ಮರಿ, ನಾಳೆ ಯಾರದೋ ಮನೆಯ ಸಾಕುಜೇಡ.

"ಆ ಗೋಡೇಲಿ ಊಟ, ಈ ಗೋಡೇಲಿ ಊಟ ಮಾಡೋರು. ಮಧ್ಯೆ ನಾನು ಬಡಿಸೋಳು," ಎನ್ನುತ್ತಾರೆ ಡೆಲ್ಮಾ. "ಆದ್ರೆ ಸ್ವಲ್ಪ ಯಾಮಾರಿದ್ರೆ ಊಟಾನೇ ಉಣ್ಣೋರನ್ನ ತಿಂದುಬಿಡುತ್ತೆ."

ಅದು ತಮಾಷೆಯ ಮಾತಲ್ಲ. ಜೇಡದ ಮರಿ ಬೆಳೆಯಬೇಕಾದರೆ ಪೊರೆ ಕಳಚಬೇಕು. ಆಗ ಅದು ಅಂಗಾತ ಮಲಗುತ್ತದೆ. ಮೈ ಬೆಣ್ಣೆಯಷ್ಟು ಮೆತ್ತಗೆ, ಹಲ್ಲಿನಲ್ಲೂ ಬಲವಿಲ್ಲ. ಅದೇ ಡಬ್ಬಿಯಲ್ಲಿ ಹಸಿದ ಜೀರುಂಡೆಯೊಂದು ಉಳಿದಿದ್ದರೆ ಕಾಲಿನಿಂದ ಶುರುಮಾಡಿ ಹೊಟ್ಟೆಯವರೆಗೂ ಕಡಿಯುತ್ತದೆ. ಅದಕ್ಕೇ ಡೆಲ್ಮಾ ತೀರಾ ಎಳೆಯ ಮರಿಗಳಿಗೆ ಜೀವಂತ ಹುಳು ಕೊಡುವುದೇ ಇಲ್ಲ. ಚಿಮುಟದಿಂದ ಜೀರುಂಡೆಯ ತಲೆ ಹಿಸುಕಿ, ಮರಿಯ ಹೊಟ್ಟೆಗಿಂತ ದೊಡ್ಡದಲ್ಲದ ತುಂಡು ಮಾಡಿ ಇಡುತ್ತಾರೆ. ತಿನ್ನದೆ ಬಿಟ್ಟದ್ದನ್ನು ಮರುದಿನ ಬೆಳಗ್ಗೆ ಹೆಕ್ಕಿ ತೆಗೆಯುತ್ತಾರೆ.

ಅರವತ್ತು ದಾಟಿದ ಡೆಲ್ಮಾ ಈ ಕೆಲಸ ಹುಡುಕಿಕೊಂಡು ಬಂದವರಲ್ಲ. ಬಾಳೆಹಣ್ಣು ಪ್ಯಾಕ್ ಮಾಡುತ್ತಿದ್ದ ಜಾಗ ಚಂಡಮಾರುತಕ್ಕೆ ನೆಲಸಮವಾದಾಗ, ನಾಲ್ಕು ದಿನ ಕಸ ಗುಡಿಸಿಕೊಡಲೆಂದು ಇಲ್ಲಿಗೆ ಬಂದು ಇಲ್ಲೇ ಉಳಿದುಬಿಟ್ಟರು. ಮೊದಲ ವಾರ ಜೇಡ ಕಂಡರೆ ಬಾಗಿಲಾಚೆ ಓಡುತ್ತಿದ್ದರಂತೆ. "ಈಗ ನನ್ನ ನಾದಿನಿ ಓಡ್ತಾಳೆ. 'ಆ ಕೈಯಲ್ಲಿ ನಮ್ಮನೆ ಪಾಸ್ತಾ ಮುಟ್ಟಬೇಡ ತಾಯಿ' ಅಂತಾಳೆ. ಒಳ್ಳೇದೇ ಆಯ್ತು, ಭಾನುವಾರದ ಅಡಿಗೆ ತಪ್ಪಿತು."

ಕ್ಯಾರೆಟ್ ಇನ್ನೂ ಮುಗಿದಿಲ್ಲ, ಹೊರಗೆ ಗಾಡಿಯೊಂದು ಗಕ್ಕನೆ ನಿಲ್ಲುತ್ತದೆ. ಒಳಗೆ ಬಂದವರು ನೆವಿಲ್ ಥೋರ್ಬರ್ನ್, ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ರೈಲಿನ ಚಾಲಕ. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋದವರು ಬೂಟನ್ನೂ ಬಿಚ್ಚದೆ ಓಡಿಬಂದಿದ್ದಾರೆ. ಎದೆಗವಚಿಕೊಂಡ ಕೈಯಲ್ಲೊಂದು ಡಬ್ಬಿ, ಅದರೊಳಗೆ ಅವರು ಸಾಕಿದ ಜೇಡದ ಮರಿ.

"ಸತ್ತೋಯ್ತು ಡೆಲ್ಮಾ. ಅಂಗಾತ ಬಿದ್ದಿದೆ ನೋಡು."

"ಅಲ್ಲಾಡಿಸಬೇಡ ಮಾರಾಯ! ನಿಧಾನ ಇಡು."

ಡೆಲ್ಮಾ ದೀಪ ಹತ್ತಿರ ಎಳೆದು ಬಗ್ಗುತ್ತಾರೆ. ಮರಿ ಸತ್ತಿಲ್ಲ, ಪೊರೆ ಬಿಡುತ್ತಿದೆ. ಆದರೆ ಅದರ ಹಿಂಗಾಲಿಗೆ ಜೀರುಂಡೆಯೊಂದು ಬಾಯಿ ಹಾಕಿದೆ. ಚಿಮುಟ ಒಳಗಿಳಿಯುತ್ತದೆ, ಮರಿಗೆ ಸೋಕದೆ ಜೀರುಂಡೆಯ ಬೆನ್ನು ಹಿಡಿದು ಮೇಲೆ ಬರುತ್ತದೆ. ಆಗಷ್ಟೇ ಡೆಲ್ಮಾರ ಮುಖ ಬಿಳಿಚಿಕೊಳ್ಳುತ್ತದೆ. ಆ ಜೀರುಂಡೆ ಈ ಶೆಡ್ಡಿನದೇ. ಸಣ್ಣ ಗಾತ್ರದವು ಮುಗಿದಿವೆಯೆಂದು ನಿನ್ನೆ ಒಂದು ಗಾತ್ರ ದೊಡ್ಡದನ್ನು ನೆವಿಲ್‌ಗೆ ಕಟ್ಟಿಕೊಟ್ಟವರು ಅವರೇ.

"ತಲೆ ಹಿಸುಕಿ ಕೊಡು ಅಂತ ನಿಂಗೆ ಹೇಳ್ಲಿಲ್ವಾ ನಾನು?"

"ಇಲ್ವಲ್ಲ."

"ಅಯ್ಯೋ. ಗೊತ್ತಿರುತ್ತೆ ಅಂದ್ಕೊಂಡೆ ಕಣೋ. ತಪ್ಪು ನಂದೇ."

"ಈಗ ಏನ್ ಮಾಡೋದು?"

"ಏನೂ ಮಾಡ್ಬಾರ್ದು. ಅದೇ ಕಷ್ಟ."

ಡಬ್ಬಿಯ ಮೂಲೆಯ ಮಣ್ಣಿಗೆ ಒಂದೆರಡು ಹನಿ ನೀರು ಬಿಟ್ಟು, ಮೇಲೊಂದು ಬಟ್ಟೆ ಮುಚ್ಚಿ, ಡೆಲ್ಮಾ ಪಕ್ಕದಲ್ಲೇ ಕೂರುತ್ತಾರೆ. ನೆವಿಲ್ ಮನೆಗೆ ಹೋಗಿ ಮಲಗಲು ಒಪ್ಪುವುದಿಲ್ಲ. ಇಬ್ಬರೂ ಚಹಾ ಕುಡಿಯುತ್ತಾರೆ. ನೆವಿಲ್ ಗದ್ದೆಯ ಅಂಚಿನಲ್ಲಿ ಹಿಡಿದ ಮಿಡತೆಗಳನ್ನೂ ಆಗಾಗ ಹಾಕುತ್ತಿದ್ದರಂತೆ. ಕೇಳಿ ಡೆಲ್ಮಾ ಹಣೆ ಚಚ್ಚಿಕೊಳ್ಳುತ್ತಾರೆ.

"ಔಷಧಿ ಹೊಡೆದ ಕಬ್ಬಿನ ಮಿಡತೆ! ಅದರ ಬದಲು ವಿಷವನ್ನೇ ಚಮಚದಲ್ಲಿ ಕುಡಿಸು."

"ಬೈಬೇಡ. ಮೊದಲೇ ಗಾಬರಿಯಾಗಿದೀನಿ."

"ಅಷ್ಟುದ್ದ ರೈಲು ಓಡಿಸೋನಿಗೆ ಇಷ್ಟಗಲ ಹುಳಕ್ಕೆ ಗಾಬರಿ ನೋಡು!"

ನೆವಿಲ್ ನಗುವುದಿಲ್ಲ. "ಹೆಂಡ್ತಿ ಬಿಟ್ಟುಹೋದಮೇಲೆ ಮನೇಲಿ ಅಲ್ಲಾಡೋ ಜೀವ ಅಂದ್ರೆ ಅದೊಂದೇ ಡೆಲ್ಮಾ," ಎಂದಷ್ಟೇ ಹೇಳುತ್ತಾರೆ. ಡೆಲ್ಮಾ ಇನ್ನೊಂದು ಲೋಟ ಚಹಾ ಬಗ್ಗಿಸಿ ಅವರ ಮುಂದೆ ತಳ್ಳುತ್ತಾರೆ.

ಬಿಸಿಲು ತಗಡಿನ ಮೇಲೇರಿ ಶೆಡ್ಡು ಕಾಯತೊಡಗಿದಾಗ ಡೆಲ್ಮಾ ಬಟ್ಟೆಯ ಅಂಚು ಎತ್ತುತ್ತಾರೆ. ಒಂದು ಪಕ್ಕದಲ್ಲಿ ಮುದುಡಿದ ಹಳೆಯ ಪೊರೆ. ಇನ್ನೊಂದು ಪಕ್ಕದಲ್ಲಿ ಮರಿ, ಮಗುಚಿಕೊಂಡು ತನ್ನ ಕಾಲ ಮೇಲೆ ನಿಂತಿದೆ. ಕಾಲು ಏಳೇ.

"ಒಂದು ಹೋಯ್ತು ನೆವಿಲ್, ಏಳಿದೆ. ಇನ್ನೂ ಎಳೇದು, ಮುಂದೆ ಪೊರೆ ಬಿಡ್ತಾ ಬಿಡ್ತಾ ಹೊಸ ಕಾಲು ಬರುತ್ತೆ. ಬದುಕಿತು ಬಿಡು!"

ನೆವಿಲ್ ಕುರ್ಚಿಗೊರಗಿ ಎರಡೂ ಅಂಗೈಯಲ್ಲಿ ಮುಖ ಉಜ್ಜಿಕೊಳ್ಳುತ್ತಾರೆ. ಆಮೇಲೆ ಜೋರಾಗಿ, ಕಾರಣವೇ ಇಲ್ಲವೆಂಬಂತೆ ನಗುತ್ತಾರೆ. ಹಲ್ಲು ಗಟ್ಟಿಯಾಗುವವರೆಗೆ ಏನೂ ತಿನ್ನಿಸಬಾರದೆಂದು ಡೆಲ್ಮಾ ಎರಡೆರಡು ಸಲ ಹೇಳಿ, ಅವರ ಬಾಯಲ್ಲೂ ಹೇಳಿಸಿ ಕಳಿಸುತ್ತಾರೆ. ಗಾಡಿ ತಿರುವು ದಾಟಿದ ಮೇಲೆ ಬಾಗಿಲಿಗೆ ಆತುಕೊಂಡು ಉಸ್ಸೆಂದು ಉಸಿರು ಬಿಡುತ್ತಾರೆ.

"ಇನ್ಮೇಲೆ ಎಲ್ಲಾ ಹೇಳದೆ ಯಾರಿಗೂ ಒಂದು ಜೀರುಂಡೇನೂ ಕೊಡಲ್ಲ," ಎನ್ನುತ್ತಾ ಉಳಿದ ಪೆಟ್ಟಿಗೆಗಳತ್ತ ನಡೆಯುತ್ತಾರೆ. ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಕೈ ನಿಲ್ಲಿಸಿ ಯೋಚಿಸುತ್ತಾರೆ.

"ಹೆಣ್ಣಾದ್ರೆ ಈ ಜೇಡಗಳು ಇಪ್ಪತ್ತು ವರ್ಷಾನೂ ಇರ್ತವೆ. ಅಷ್ಟೊತ್ತಿಗೆ ನಾನೂ ಇದ್ರೆ, ಇಲ್ಲಿಂದ ಹೋದ ಒಂದು ಮುದುಕೀನ ಯಾರಾದ್ರೂ ತಂದು ತೋರಿಸ್ಲಿ. ಇಬ್ಬರು ಮುದುಕೀರೂ ಸ್ವಲ್ಪ ಹೊತ್ತು ಎದುರುಬದುರು ಕೂತ್ಕೋತೀವಿ."