ಯಾರನ್ನೂ ನಂಬದ ಅತ್ತೆ

ಯಾರಾದರೂ ಏನಾದರೂ ಹೇಳಿದರೆ ನನ್ನ ಸೋದರತ್ತೆಯ ಎಡಗಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಮೂಗಿನ ಹೊಳ್ಳೆ ಅರಳುತ್ತಿತ್ತು, ಮಾತನ್ನೂ ಮೂಸಿ ನೋಡುವವಳಂತೆ. ಅದಾದ ಮೇಲೆಯೇ ಬಾಯಿ ತೆರೆಯುವುದು: "ಹೌದಾ? ಯಾರಂದ್ರು?"

ಸುರಪುರದ ಬಜಾರದಲ್ಲಿ ಕಾಯಿಪಲ್ಲೆ ಮಾರುತ್ತಿದ್ದಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಗಿರಣಿಗೆ ಜೋಳ ಒಯ್ದರೆ ಹಿಟ್ಟು ಬೀಳುವ ತನಕ ಕಣ್ಣು ಕೀಳದೆ ನಿಲ್ಲುವಳು. ಗಿರಣಿಯವನು ನಮ್ಮ ಜೋಳ ಇಟ್ಟುಕೊಂಡು ಯಾರದೋ ಹುಳ ಬಿದ್ದದ್ದನ್ನು ಬೀಸಿಯಾನು ಎಂಬ ಗುಮಾನಿ. ಡಾಕ್ಟರು ಕೊಟ್ಟ ಗುಳಿಗೆಯನ್ನು ಇನ್ನೊಂದು ಅಂಗಡಿಯಲ್ಲಿ ತೋರಿಸಿಯೇ ನುಂಗುವಳು. ಕಂಡಕ್ಟರ್ "ಯಾದಗಿರಿ, ಯಾದಗಿರಿ" ಎಂದು ಗಂಟಲು ಹರಿದುಕೊಂಡರೂ ಹತ್ತಿ ಕುಳಿತ ಮೇಲೆ ಪಕ್ಕದವರನ್ನು ಕೇಳುವಳು: "ಇದು ಖರೇನ ಯಾದಗಿರಿಗಿ ಹೋಗ್ತದೇನ್ರಿ?" ನನಗೆ ನಾಚಿಕೆಯಾಗಿ ಕಿಟಕಿಯ ಹೊರಗೆ ನೋಡುತ್ತಿದ್ದೆ.

ಇಂಥವಳ ಮನೆಗೆ ಒಂದು ದಿನ ಫುಟ್‌ಬಾಲ್ ಕಲಿಸುವ ಮಾಸ್ತರು ಬಂದರು. ಹುಡುಗಿಯರ ತಂಡ ಕಟ್ಟುತ್ತಿದ್ದೇನೆ, ನಿಮ್ಮ ಹುಡುಗಿ ಗಂಡುಹುಡುಗರ ಜೊತೆ ಆಡುವುದನ್ನು ನೋಡಿದ್ದೇನೆ, ಕಳಿಸಿಕೊಡಿ ಎಂದರು. ಅತ್ತೆಯ ಎಡಗಣ್ಣು ಮುಚ್ಚಿತು.

"ಮದಿವಿ ಆಗ್ಯಾದೇನ್ರಿ ಸರ?"

"ಆಗ್ಯಾದವ್ವ."

"ಹೆಣ್ತಿ ಎಲ್ಲಿರ್ತಾಳ?"

"ಇಲ್ಲೇ, ಶಹಾಪುರದಾಗ."

ಮರುದಿನವೇ ನನ್ನನ್ನು ಎಳೆದುಕೊಂಡು ಶಹಾಪುರಕ್ಕೆ ಹೋದಳು. ಅವರ ಮನೆ ಹುಡುಕಿ, ಹೆಂಡತಿಯ ಕೈಯ ಚಹಾ ಕುಡಿದು, ಗೋಡೆಯ ಮೇಲಿನ ಮದುವೆಯ ಫೋಟೋವನ್ನೂ ಎದುರಿಗಿದ್ದ ಹೆಂಗಸನ್ನೂ ಎರಡೆರಡು ಸಲ ನೋಡಿದಳು. ಆಮೇಲೆಯೇ ಹೂಂ ಅಂದದ್ದು. ಪಾಪ, ಮಾಸ್ತರು ಬೆವರು ಒರೆಸಿಕೊಳ್ಳುತ್ತಿದ್ದರು.

ಅಂದಿನಿಂದ ನಾನು ಆಡಿದ ಕಡೆಯೆಲ್ಲ ಅತ್ತೆ ಹಾಜರು. ಗೆರೆಯ ಆಚೆ ತನ್ನದೇ ನೀರಿನ ಬಾಟಲಿ ಹಿಡಿದು ಕೂರುವಳು. ಬೇರೆಯವರ ನೀರು ನನ್ನ ಬಾಯಿಗೆ ಬೀಳಕೂಡದು. ನಾನು ಫಾರ್ವರ್ಡ್, ಮುಂದೆ ನಿಂತು ಗೋಲು ಹೊಡೆಯುವವಳು. ಎದುರಾಳಿಗಳನ್ನು ದಾಟಿ ಮೊದಲೇ ಮುಂದೆ ನಿಂತಿದ್ದೆ, ಆಫ್‌ಸೈಡ್ ಎಂದು ಲೈನ್ಸ್‌ಮನ್ ಬಾವುಟ ಎತ್ತಿದರೆ ಅತ್ತೆ ಉರಿದು ಬೀಳುತ್ತಿದ್ದಳು. "ಆ ಝಂಡಾ ಹಿಡದಾಂವ ನೀ ಓಡಿದಾಗಷ್ಟ ಎತ್ತತಾನ. ಏನೋ ಅದ ಅದರಾಗ." ನಿಯಮ ತಿಳಿಸಿ ಹೇಳಿದರೆ, "ಆ ನಿಯಮ ಮಾಡಿದಾಂವ ಯಾರು?"

ಆದರೆ ನನಗೆ ಆಟ ಕಲಿಸಿದ ಒಂದು ಮಾತೂ ಅವಳದೇ. "ಗೋಲಿನಾಗ ನಿಂತಾಕಿ ಚೆಂಡ ಹಿಡೀತಾಳ ಅಂತ ನಂಬಬ್ಯಾಡ. ಕೈಯಾಗಿಂದ ಜಾರ್ತದ ಅಂತ ತಿಳಕೊಂಡ ಓಡು." ನನ್ನ ಅರ್ಧಕ್ಕರ್ಧ ಗೋಲು ಹಾಗೆ ಜಾರಿದ ಚೆಂಡಿನಿಂದಲೇ ಬಂದವು.

ಡಿಗ್ರಿಯ ಮೊದಲ ವರ್ಷ ನನಗೆ ಟೈಫಾಯ್ಡ್ ಬಂತು. ಅತ್ತೆ ತಿಂಥಣಿ ಮೌನೇಶ್ವರನಿಗೆ ನನ್ನ ಮುಡಿ ಕೊಡುವ ಹರಕೆ ಹೊತ್ತಳು. ಅಲ್ಲಿಯೂ ಕರಾರು: "ಮೊದಲ ಜ್ವರ ಬಿಡ್ಲಿ, ಆಮ್ಯಾಲ ಕೂದಲ." ಜ್ವರ ಬಿಟ್ಟಿತು, ತಲೆ ಬೋಳಾಯಿತು. ಕೂದಲು ಒಂದಿಷ್ಟು ಚಿಗುರುವಷ್ಟರಲ್ಲಿ ಯಾದಗಿರಿಯಲ್ಲಿ ಪಂದ್ಯ ಬಂತು. ದೊಡ್ಡ ಊರಿನ ಕ್ಲಬ್ಬೊಂದರಿಂದ ಇಬ್ಬರು ಮೇಡಂಗಳು ಆಟಗಾರ್ತಿಯರನ್ನು ಆರಿಸಲು ಬರುತ್ತಾರೆ ಎಂದು ಮಾಸ್ತರು ಹೇಳಿದ್ದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ವಯಸ್ಸಿಗೂ ನಾನು ಮೈನೆರೆದಿರಲಿಲ್ಲ. ಓಣಿಯ ಹೆಂಗಸರು ಕೇಳಿದರೆ ಅತ್ತೆ, "ನಿಮ್ಮ ಒಲಿ ಮ್ಯಾಗ ಏನ್ ಹತ್ತ್ಯಾದ ನೋಡ್ಕೋರಿ ಹೋಗ್ರಿ" ಎಂದು ಅಟ್ಟುವಳು. ನನ್ನ ಹತ್ತಿರ ಮಾತ್ರ ಆ ವಿಷಯ ಎತ್ತಿದವಳೇ ಅಲ್ಲ. ನನಗೆ ಅದೇ ಹೆದರಿಕೆ. ಗಿರಣಿಯವನನ್ನೇ ಬಿಡದವಳು ಒಳಗೊಳಗೆ ನನ್ನ ಬಗ್ಗೆ ಏನಂದುಕೊಂಡಿರಬಹುದು?

ಪಂದ್ಯದ ಅರ್ಧ ಮುಗಿಯುವಷ್ಟರಲ್ಲಿ ಎರಡು ಗೋಲು ಹೊಡೆದಿದ್ದೆ. ವಿರಾಮದಲ್ಲಿ ಎದುರು ತಂಡದ ಮ್ಯಾನೇಜರಮ್ಮ ರೆಫರಿಯ ಬಳಿ ಬಂದು ನನ್ನತ್ತ ಬೆರಳು ಮಾಡಿದಳು. "ಅದು ಹುಡುಗಿ ಅಲ್ರಿ. ತಲಿ ನೋಡ್ರಿ, ಎದಿ ನೋಡ್ರಿ, ಓಟ ನೋಡ್ರಿ." ಮಾಸ್ತರು ನನ್ನ ಆಧಾರ್ ಕಾರ್ಡು ತೋರಿಸಿದರು. "ಕಾರ್ಡ್ ಯಾರ ಬೇಕಾದ್ರೂ ಮಾಡಸ್ತಾರ. ಒಳಗ ನರ್ಸ್ ಇದ್ದಾರ, ಪರೀಕ್ಷಾ ಮಾಡ್ಲಿ," ಅಂದಳು ಆಕೆ.

ಮಾಸ್ತರು ಅತ್ತೆಯನ್ನು ಪಕ್ಕಕ್ಕೆ ಕರೆದರು. "ಎರಡ ನಿಮಿಷದ ಮಾತವ್ವ. ಹೋಗಿ ಬರ್ಲಿ. ಇಲ್ಲಂದ್ರ ಆಟದಿಂದ ಹೊರಗ ಕೂಡಸ್ತಾರ, ಕ್ಲಬ್ಬಿನ ಮೇಡಮ್ಮೋರು ಎದ್ದು ಹೋಗ್ತಾರ." ಒಳಗೆ ಹೋದರೆ ಏನು ಹೇಳುತ್ತಾರೋ ನನಗೇ ಗೊತ್ತಿರಲಿಲ್ಲ.

ಅತ್ತೆ ಸೆರಗು ಸಿಕ್ಕಿಸಿಕೊಂಡು ನೇರ ಮ್ಯಾನೇಜರಮ್ಮನ ಎದುರು ನಿಂತಳು.

"ಬರ್ರಿ, ನೋಡೂಣು. ಮೊದಲ ನಿಮ್ಮ ಹುಡಿಗೇರನ್ನ ಒಬ್ಬೊಬ್ಬಾಕಿನ್ನ ಒಳಗ ಕಳಸ್ರಿ. ಕಡೀಕ ನನ್ನಾಕಿ."

"ನಮ್ಮೋರನ್ಯಾಕ? ನಮ್ಮೋರ ಮ್ಯಾಲ ಯಾರಿಗಿ ಸಂಶಯ ಅದ?"

"ನನಗ ಅದ. ನನಗ ಎಲ್ಲಾರ ಮ್ಯಾಲೂ ಅದ. ಹುಟ್ಟಿದಾಗಿಂದ ಅದ. ಕೇಳ್ರಿ ಬೇಕಾದ್ರ ಸುರಪುರದಾಗ!"

ಆ ಹುಡುಗಿಯರ ತಾಯಂದಿರು ಎದ್ದು ನಿಂತರು. "ನಮ್ಮ ಮಕ್ಕಳ ಮೈ ಮುಟ್ಟಿದ್ರ ನೋಡ್ರಿ ಮತ್ತ," ಎಂದು ತಮ್ಮ ಮ್ಯಾನೇಜರಮ್ಮನ ಮೇಲೆಯೇ ಹರಿಹಾಯ್ದರು. ಆಕೆ ಗೊಣಗುತ್ತ ಹಿಂದೆ ಸರಿದಳು. ರೆಫರಿ ಸೀಟಿ ಊದಿದರು. ದ್ವಿತೀಯಾರ್ಧದಲ್ಲಿ ನನ್ನ ಆಟ ಕೆಟ್ಟುಹೋಯಿತು, ಗೋಲು ಖಾಲಿ ಇದ್ದಾಗಲೂ ಚೆಂಡನ್ನು ಹೊರಗೆ ಒದ್ದೆ. ಆದರೂ ಮೊದಲರ್ಧ ನೋಡಿದ್ದ ಮೇಡಂಗಳು ನನ್ನ ಹೆಸರು ಕೇಳಿಕೊಂಡು ಹೋದರು.

ಸುರಪುರದ ಬಸ್ಸಿನಲ್ಲಿ ಅತ್ತೆ ಪಕ್ಕದವರನ್ನು ಏನೂ ಕೇಳಲಿಲ್ಲ. ಶಹಾಪುರ ದಾಟಿತು. ನನಗೇ ತಡೆಯಲಾಗಲಿಲ್ಲ.

"ಅತ್ತಿ, ನಾ ಒಳಗ ಹೋಗಿ, ಅವರು ಬ್ಯಾರೇನರ ಹೇಳಿದ್ರ?"

"ಏನ್ ಹೇಳಿದ್ರೂ ನಾ ನಂಬತಿದ್ದಿಲ್ಲ. ನಾ ಯಾವತ್ತರ ಮಂದೀನ್ನ ನಂಬೀನೇನು?" ಅಂದಳು.

ನಾನು ಅವಳ ಹೆಗಲಿಗೆ ತಲೆ ಇಟ್ಟು ಅತ್ತುಬಿಟ್ಟೆ. ಅಷ್ಟು ಸುಖವಾಗಿ ಮತ್ತೆಂದೂ ಅತ್ತಿಲ್ಲ.

ಆ ಕ್ಲಬ್ಬು ನನ್ನನ್ನು ತೆಗೆದುಕೊಂಡಿತು, ಅದರ ನಂತರ ಇನ್ನೊಂದು. ಫುಟ್‌ಬಾಲೇ ನನ್ನ ಅನ್ನವಾಯಿತು. ಅತ್ತೆ ಹೋದ ವರ್ಷ ತೀರಿಕೊಂಡಳು, ಕಲಬುರಗಿಯ ಆಸ್ಪತ್ರೆಯಲ್ಲಿ, ಸಲಾಯಿನ್ ಬಾಟಲಿಯನ್ನು ಗುಮಾನಿಯಿಂದ ನೋಡುತ್ತ. ನಾನು ಪಕ್ಕದಲ್ಲಿದ್ದೆ.

ಆಮೇಲೆ ನನ್ನ ಮೈ ಏನಾಯಿತು, ಮೈನೆರೆದೆನೋ ಇಲ್ಲವೋ ಎಂದು ನಿಮಗೀಗ ಕೇಳಬೇಕು ಅನಿಸಿರಬಹುದು. ಊರಿನವರನ್ನೆಲ್ಲ ಕೇಳುತ್ತಿದ್ದ ಅತ್ತೆ ಸಾಯುವ ತನಕ ಅದೊಂದನ್ನು ನನ್ನನ್ನು ಕೇಳಲಿಲ್ಲ. ನಾನು ನಿಮಗೂ ಹೇಳುವುದಿಲ್ಲ.