ರಾಹುಕಾಲ ಕಳೆದು ಮುಚ್ಚಿದ ಬಾಗಿಲು

"ರಿಂಗ್ ಸರಿ ಹಾಕಿದ್ದೀಯಲ್ಲ ಮಾರಾಯ್ತಿ?"

ಕಳೆದ ಶುಕ್ರವಾರ ನಮ್ಮ ಲ್ಯಾಬಿನಲ್ಲಿ ಪ್ರಜ್ಞಾಳಿಗೆ ಈ ಪ್ರಶ್ನೆ ಕೇಳದವರಿಲ್ಲ. (ನಾನು ಕೇಳಲಿಲ್ಲ. ಹಾಕುವಾಗ ಪಕ್ಕದಲ್ಲೇ ಇದ್ದೆ.)

ನಮ್ಮಲ್ಲೊಂದು ಸ್ಟೀಲ್ ಚೇಂಬರ್ ಇದೆ. ಪಂಪ್ ಅದರೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದ ಮೇಲೆಯೇ ಪ್ರಯೋಗ. ಆಗಾಗ ಅದನ್ನು ಬಿಚ್ಚಿ, ಒರೆಸಿ, ಗಾಳಿ ನುಗ್ಗದಂತೆ ಬಾಗಿಲಿಗೆ ಹೊಸ ರಬ್ಬರ್ ರಿಂಗ್ ಹಾಕುತ್ತೇವೆ. ಈ ಸಲ ಹಾಕಿದವಳು ಪ್ರಜ್ಞಾ. ಸೋಮವಾರದಿಂದ ಚೇಂಬರ್ ಅವಳದ್ದು. ಪಿಎಚ್‌ಡಿಯ ಕೊನೆಯ ಸ್ಯಾಂಪಲ್‌ಗಳಿಗೆ ಸಿಕ್ಕಿದ್ದು ಅದೊಂದೇ ವಾರ. ಆಮೇಲೆ ಬೇರೆಯವರ ಸರದಿ.

ಬೆಳಿಗ್ಗೆಯೇ ಮುಚ್ಚಬಹುದಿತ್ತು. ಆದರೆ ಶೆಟ್ಟಿ ಸರ್ (ಲ್ಯಾಬಿನ ಮುಖ್ಯಸ್ಥರು, ಫಿಸಿಕ್ಸಿನಲ್ಲಿ ಡಾಕ್ಟರೇಟ್) ವಾಚು ನೋಡಿದರು.

"ಈಗ ರಾಹುಕಾಲ ಉಂಟು. ಕಳೀಲಿ. ಎಂತ ಅರ್ಜೆಂಟ್?"

ಹೊರಗೆ ಜಡಿಮಳೆ. ಎಸಿ ಕೆಟ್ಟು ಕಿಟಕಿ ತೆರೆದಿತ್ತು. ಮಧ್ಯಾಹ್ನದವರೆಗೆ ಚೇಂಬರೂ ಬಾಯಿ ತೆರೆದು ಕೂತಿತು.

ಮುಚ್ಚಿ ಪಂಪ್ ಹಾಕಿದೆವು. ಒತ್ತಡ ಇಳಿಯಿತು, ಇನ್ನೂ ಇಳಿಯಿತು, ಬೇಕಾದಲ್ಲಿಗೆ ಮುಟ್ಟುವ ಮೊದಲೇ ನಿಂತಿತು.

"ಲೀಕ್! ರಿಂಗಲ್ಲೇ. ಬಿಚ್ಚಿ ನೋಡುವ" ಎಂದರು ಸರ್.

ಬಿಚ್ಚಿದರೆ ಎಲ್ಲ ಮೊದಲಿನಿಂದ. ಪ್ರಜ್ಞಾಳ ವಾರ ಹೋದಂತೆಯೇ. ಅವಳು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು.

"ಮೊದಲು ಹೀಲಿಯಮ್ ಹಾಕಿ ನೋಡುವ ಸರ್" ಎಂದೆ.

ಹೊರಗಿನಿಂದ ಒಂದೊಂದೇ ಜೋಡಣೆಗೆ ಹೀಲಿಯಮ್ ಊದುವುದು. ಸಂದಿ ಇದ್ದರೆ ಅದು ಒಳಗೆ ನುಗ್ಗುತ್ತದೆ, ಚೇಂಬರಿಗೆ ಜೋಡಿಸಿದ ಡಿಟೆಕ್ಟರ್ ಕೂಗುತ್ತದೆ. ಪ್ರಜ್ಞಾ ಬಾಗಿಲ ಸುತ್ತ, ಆಮೇಲೆ ಉಳಿದ ಜೋಡಣೆಗಳಿಗೂ ಊದಿದಳು. ಡಿಟೆಕ್ಟರ್ ಕೂಗಲಿಲ್ಲ.

"ಡಿಟೆಕ್ಟರೇ ಹಾಳಾಗಿದೆಯೋ ಎಂತದೋ" ಎಂದರು ಸರ್.

ಡಿಟೆಕ್ಟರಿನ ಪರೀಕ್ಷೆಗೆಂದೇ ಅದರಲ್ಲಿ ಚೂರೇ ಚೂರು ಹೀಲಿಯಮ್ ಸೋರುವ ಒಂದು ಪುಟ್ಟ ಡಬ್ಬಿ ಇರುತ್ತದೆ, ಅದನ್ನು ತೆರೆದೆ. ಕೂಡಲೇ ಕೂಗಿತು.

ಲೀಕ್ ಇರಲಿಲ್ಲ. ಇದ್ದದ್ದು ನೀರು. ಕರಿದ ಹಪ್ಪಳವನ್ನು ಮಳೆಗಾಲದಲ್ಲಿ ತೆರೆದಿಟ್ಟರೆ ಏನಾಗುತ್ತದೆಂದು ಮಂಗಳೂರಿನವರಿಗೆ ಹೇಳಬೇಕೇ? ಸ್ಟೀಲಿನ ಗೋಡೆಯೂ ಅಷ್ಟು ಹೊತ್ತು ತೇವ ಹಿಡಿದುಕೊಂಡಿತ್ತು, ಈಗ ಅದನ್ನು ಆವಿಯಾಗಿ ನಿಧಾನಕ್ಕೆ ಬಿಡುತ್ತಿತ್ತು. ಚೇಂಬರಿಗೆ ಹೀಟರ್ ಪಟ್ಟಿ ಸುತ್ತಿ ಬಿಸಿ ಮಾಡಿ, ಪಂಪನ್ನು ಅದರ ಪಾಡಿಗೆ ಬಿಟ್ಟೆವು.

ಸೋಮವಾರ ಒತ್ತಡ ಬೇಕಾದಷ್ಟು ಇಳಿದಿತ್ತು. ಪ್ರಜ್ಞಾ ಬಾಗಿಲು ತೆರೆಯದೆ, ಚೇಂಬರಿನ ಪಕ್ಕಕ್ಕೆ ಜೋಡಿಸಿದ ಪುಟ್ಟ ಚೇಂಬರಿನ ಮೂಲಕ ಮೊದಲ ಸ್ಯಾಂಪಲನ್ನು ಒಳಗೆ ಕಳಿಸಿದಳು. ಶೆಟ್ಟಿ ಸರ್ ಗೇಜ್ ನೋಡಿ ತೃಪ್ತಿಯಿಂದ ತಲೆಯಾಡಿಸಿದರು.

"ನೋಡಿ, ರಾಹುಕಾಲ ಕಳೆದು ಮುಚ್ಚಿದ್ದು ಒಳ್ಳೇದಾಯ್ತು."

ಪ್ರಜ್ಞಾ ನನ್ನ ಮುಖ ನೋಡಿದಳು. ನಾನು ಗೇಜ್ ನೋಡಿದೆ.

ಒತ್ತಡ ಇಳಿಯದಿದ್ದರೆ ತಪ್ಪು ಹುಡುಗಿಯ ಕೈಯದ್ದು, ಇಳಿದರೆ ಪುಣ್ಯ ರಾಹುಕಾಲದ್ದು. ಇದನ್ನು ಕಂಡು ಕೂಗುವ ಡಿಟೆಕ್ಟರ್ ಎಲ್ಲಿ ಸಿಗುತ್ತದೆ?