ಗೋಡೆಗೆ ಕಿವಿಕೊಟ್ಟವನ ಕಾದಂಬರಿ

ಪುಣೆಯ ನಿಗಡಿಯಲ್ಲಿರುವ ನಮ್ಮ ಕಟ್ಟಡದಲ್ಲಿ ಕನ್ನಡದವರು ನಾನೂ ನನ್ನ ಗಂಡನೂ ಮಾತ್ರ ಎಂದು ನಂಬಿದ್ದೆವು. ಹಾಗಾಗಿ ಲಿಫ್ಟಿನಲ್ಲಿ ಯಾರಿದ್ದರೂ ಕನ್ನಡದಲ್ಲಿ ಧಾರಾಳವಾಗಿ ಜಗಳವಾಡುತ್ತಿದ್ದೆವು. ಮೇಲಿನ ಮಹಡಿಯ ಅಜ್ಜನ ಮೂಗನ್ನಂತೂ ಅವರೆದುರೇ ಆಡಿಕೊಳ್ಳುತ್ತಿದ್ದೆವು. ಮರಾಠಿಯವರು, ಪಾಪ, ಸುಮ್ಮನೆ ನಗುತ್ತ ನಿಂತಿರುತ್ತಿದ್ದರು.

ಕಳೆದ ತಿಂಗಳು, ಹೆಸರೇ ಕೇಳಿರದ ಲೇಖಕನೊಬ್ಬನ ಕನ್ನಡ ಕಾದಂಬರಿ ಕೈಗೆ ಬಂತು. ಅದರಲ್ಲೊಬ್ಬ ಗೋಡೆಗೆ ಕಿವಿಕೊಟ್ಟು, ಪಕ್ಕದ ಮನೆಯ ಮಾತುಗಳನ್ನೆಲ್ಲ ವರ್ಷಗಟ್ಟಲೆ ಮನಸ್ಸಿನಲ್ಲಿ ಸಾಕಿಕೊಳ್ಳುತ್ತಾನೆ. ಆ ಮನೆಯವರು ಎದುರಾದಾಗ ಬರೀ ನಗುತ್ತಾನೆ. ಆ ನಗು ನನ್ನ ಬೆನ್ನು ಬಿಡಲಿಲ್ಲ. ಹಾಡುಹಗಲೇ ಕುಕ್ಕರ್ ಕೂಗಿದರೂ ಬೆಚ್ಚುತ್ತಿದ್ದೆ. ದರಿದ್ರ ಪುಸ್ತಕ ಎಂದು ಬೈಯುತ್ತಲೇ ಓದುತ್ತಿದ್ದೆ.

ನಿನ್ನೆ ಅದನ್ನು ಹಿಡಿದುಕೊಂಡೇ ಲಿಫ್ಟ್ ಹತ್ತಿದೆ. ಒಳಗೆ ಅಜ್ಜ ಒಬ್ಬರೇ ಇದ್ದರು. ಎಂದಿನಂತೆ ಮರಾಠಿಯಲ್ಲಿ ಕ್ಷೇಮ ಕೇಳಿದೆ. ಅವರು ಮುಖಪುಟವನ್ನೇ ನೋಡುತ್ತ ಅಚ್ಚ ಕನ್ನಡದಲ್ಲಿ ಹೇಳಿದರು: "ನಡುವ ಬಿಡಬ್ಯಾಡ್ರಿ. ಕಡೀಕ ಭಾಳ ಚಲೋ ಬರದಾನ."

ಲಿಫ್ಟ್ ನಿಂತಿತು. ಅವರು ನಗುತ್ತ ಇಳಿದು ಹೋದರು. ಅದೇ ನಗು. ಇಷ್ಟು ವರ್ಷ ಅದನ್ನು ನಾನು ಸೌಜನ್ಯ ಎಂದುಕೊಂಡಿದ್ದೆ.